ಒಂದೇ ಬರಿಯವರ ಕರೆಂಟ್ ಕಾರು

ಕಾರು ಕೊಳ್ಳುವಾಗ ಜನ ಎಂತೆಂತದೋ ಕೇಳುತ್ತಾರೆ. ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ದೂರ ಓಡುತ್ತದೆ, ಬ್ಯಾಟರಿಗೆ ಎಷ್ಟು ವರ್ಷ ಆಯುಷ್ಯ, ಹಾಳಾದರೆ ರಿಪೇರಿ ಮಾಡುವವರು ಯಾರು. ನಾನು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಮನೆ ಎಲ್ಲಿ ಆಯ್ತು?"

ಶೋರೂಮಿನ ಸೇಲ್ಸ್‌ಮನ್ ಊರು ಹೇಳಿದ. ತಾಯಿಮನೆ ಕೇಳಿದೆ, ಅದನ್ನೂ ಹೇಳಿದ. ಕೊನೆಗೆ ಬರಿ ಕೇಳಿದೆ. ತಾಯಿಯ ಕಡೆಯಿಂದ ಇಳಿದು ಬರುವ ಕುಲಕ್ಕೆ ನಾವು ತುಳುವರು ಬರಿ ಎನ್ನುತ್ತೇವೆ. ಒಂದೇ ಬರಿಯವರು ಎಂದಾದರೆ ಜನ್ಮದಲ್ಲಿ ಮುಖ ನೋಡದಿದ್ದರೂ ಅಣ್ಣತಮ್ಮಂದಿರು. ಅವನದ್ದೂ ನನ್ನದೂ ಒಂದೇ ಬರಿ. ಅಲ್ಲಿಗೆ ವಿಚಾರಣೆ ಮುಗಿಯಿತು. ಅವನು ಟೈ ಸಡಿಲ ಮಾಡಿದ, "ಸರ್" ಹೋಗಿ "ಅಣ್ಣ" ಬಂತು, ನನ್ನ ಹೆಂಡತಿ "ಮೇಡಂ" ಆಗಿದ್ದವಳು "ಅತ್ತಿಗೆ" ಆದಳು, ನಾನು ಸಹಿ ಹಾಕಿದೆ.

ನನಗೆ ಮಾತು ಕಲಿಸಿದ್ದು ಅಜ್ಜಿ ಮತ್ತು ಸೋದರಮಾವ. ಮಾವ ಎಮ್ಮೆ ಕೊಳ್ಳಲು ಹೋದರೆ ಮೊದಲು ಎಮ್ಮೆಯ ಹಲ್ಲು ನೋಡುತ್ತಿದ್ದರು, ಆಮೇಲೆ ಮಾರುವವನ ಬರಿ ಕೇಳುತ್ತಿದ್ದರು. ಎರಡರಲ್ಲಿ ಒಂದನ್ನು ಮಾತ್ರ ನಾನು ಕಲಿತೆ ಎಂದು ಕಾಣುತ್ತದೆ.

ಆ ಕಂಪೆನಿಯ ಹೆಸರು ಬರೆಯುವುದಿಲ್ಲ. ಸತ್ತವರ ಹೆಸರು ಹಿಡಿದು ಬಯ್ಯಬೇಡ ಎಂದು ಅಜ್ಜಿ ಹೇಳುತ್ತಿದ್ದಳು. ಹೆಸರು ಹಿಡಿಯದೆ ಬಯ್ಯಬಹುದು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಕಾರು ಬೇಕಾಗಿದ್ದದ್ದು ನನಗಲ್ಲ, ಹೆಂಡತಿಗೆ. ನಮ್ಮ ಮನೆ ಶಕ್ತಿನಗರದಲ್ಲಿ, ಅವಳ ಹೊಲಿಗೆ ಅಂಗಡಿ ಉರ್ವ ಮಾರ್ಕೆಟಿನ ಹತ್ತಿರ. ಮದುವೆ ಸೀಸನ್ನಿನಲ್ಲಿ ರವಕೆಯ ಕಟ್ಟು ಹಿಡಿದುಕೊಂಡು ಎರಡು ಬಸ್ಸು ಬದಲಿಸಬೇಕು. ಇಲ್ಲದಿದ್ದರೆ ನನ್ನ ಸ್ಕೂಟರಿನ ಹಿಂದೆ ಕೂತುಕೊಳ್ಳಬೇಕು. "ನೀವು ಸ್ವಲ್ಪ ಬಿಡ್ತೀರಾ?" ಎಂಬ ಪ್ರಶ್ನೆಯನ್ನು ಅವಳು ಮದುವೆಯಾದಂದಿನಿಂದ ಕೇಳಿದ್ದಾಳೆ. ನಾನು ಪ್ರತಿಸಲ ಬಿಟ್ಟಿದ್ದೇನೆ, ಪ್ರತಿಸಲ ಚಪ್ಪಲಿ ಹುಡುಕಲು ಹತ್ತು ನಿಮಿಷ ತೆಗೆದುಕೊಂಡಿದ್ದೇನೆ. ಆ ಹತ್ತು ನಿಮಿಷ ಅವಳು ಮೆಟ್ಟಿಲ ಮೇಲೆ ಕಟ್ಟು ಹಿಡಿದು ನಿಂತಿರುತ್ತಿದ್ದಳು. ಈಗ ನೆನಪಾದರೆ ನಾಚಿಕೆಯಾಗುತ್ತದೆ. ಆಗ ಆಗುತ್ತಿರಲಿಲ್ಲ.

ಐವತ್ತು ದಾಟಿದ ಮೇಲೆ ಒಮ್ಮೆ ಡ್ರೈವಿಂಗ್ ಶಾಲೆಗೆ ಸೇರಿದಳು. ನಾಲ್ಕನೆಯ ದಿನ ಪಂಪ್‌ವೆಲ್ ಸರ್ಕಲಿನಲ್ಲಿ ಪೆಟ್ರೋಲ್ ಕಾರು ಮೂರು ಸಲ ಆಫ್ ಆಯಿತು. ಕ್ಲಚ್ಚು ಬಿಟ್ಟರೆ ಆಫ್, ಹಿಡಿದರೆ ಹಿಂದಕ್ಕೆ. ಹಿಂದೆ ಸಿಟಿ ಬಸ್ಸುಗಳ ಸಾಲು, ಒಂದೇ ಉಸಿರಿಗೆ ಹಾರ್ನ್. ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಬಗ್ಗಿ, "ಅಕ್ಕಾ, ಇಳಿದು ದೂಡಲಿಕ್ಕೆ ಜನ ಬೇಕಾ?" ಎಂದನಂತೆ. ಇವಳು ಕೀಲಿಯನ್ನು ಮಾಸ್ಟರ್‌ನ ಕೈಗೆ ಕೊಟ್ಟು, ರಸ್ತೆ ನಡುವೆ ಇಳಿದು, ಅದೇ ಬಸ್ಸು ಹತ್ತಿ, ಅದೇ ಕಂಡಕ್ಟರಿನಿಂದ ಟಿಕೆಟ್ ತೆಗೆದುಕೊಂಡು ವಾಪಸ್ಸು ಬಂದಳು. ಮತ್ತೆ ಆರು ವರ್ಷ ಕಾರಿನ ಸುದ್ದಿ ಎತ್ತಲಿಲ್ಲ.

ಕರೆಂಟ್ ಕಾರಿಗೆ ಕ್ಲಚ್ಚಿಲ್ಲ, ಗೇರಿಲ್ಲ, ನಡುವಿನಲ್ಲಿ ಆಫ್ ಆಗುವ ಎಂಜಿನೇ ಇಲ್ಲ ಎಂದು ತಿಳಿದ ದಿನ ಅವಳು ನನ್ನನ್ನು ಶೋರೂಮಿಗೆ ಎಳೆದುಕೊಂಡು ಹೋದಳು. ಅಲ್ಲಿ ನಾನು ಬರಿ ಕೇಳಿದ್ದು ಆಗಲೇ ಹೇಳಿದೆ.

ಕಲಿಸಿದವರು ಪಕ್ಕದ ಮನೆಯ ಬಾಯಿ; ಕ್ರಿಶ್ಚನ್ ಹೆಂಗಸರನ್ನು ನಮ್ಮ ಕಡೆ ಗೌರವದಿಂದ ಕರೆಯುವುದು ಹಾಗೆ. ಕೊಂಕಣಿ ಕ್ರಿಶ್ಚನ್ನರು, ಕುವೈಟಿನಲ್ಲಿ ನರ್ಸ್ ಆಗಿ ನಿವೃತ್ತಿಯಾಗಿ ಬಂದವರು, ತಮ್ಮ ಹಳೆ ಪೆಟ್ರೋಲ್ ಕಾರನ್ನು ಸ್ಟ್ರೆಚರ್ ತಳ್ಳಿದ ಹಾಗೆ ಓಡಿಸುವವರು. ಇವಳ ಪಕ್ಕದ ಸೀಟಿನಲ್ಲಿ ಕೂತು ಅವರು ಕೊಟ್ಟ ಪಾಠ ಒಂದೇ: "ಹಾರ್ನ್ ಹೊಡೆಯುವವರು ಹೊಡೆಯಲಿ, ನೀನು ನಿನ್ನ ದಾರಿ ನೋಡು. ವಾರ್ಡಿನಲ್ಲಿ ಬೆಲ್ ಒತ್ತಿದವರೆಲ್ಲ ಸಾಯುವವರಲ್ಲ." ಎರಡು ತಿಂಗಳಲ್ಲಿ ಲೈಸೆನ್ಸ್ ಬಂತು. ಮಾರನೆಯ ದಿನ ಬೆಳಿಗ್ಗೆ ನಾನು ಚಪ್ಪಲಿ ಹುಡುಕಿ ಹೊರಗೆ ಬರುವಷ್ಟರಲ್ಲಿ ಅಂಗಳ ಖಾಲಿ. ಹಾಕಿದ ಚಪ್ಪಲಿ ಕಳಚಿಟ್ಟು ಒಳಗೆ ಹೋದೆ.

ಚಾರ್ಜಿಂಗಿನ ಕಥೆ ಹೇಳದಿದ್ದರೆ ಪಾಪ ತಟ್ಟೀತು. ಮನೆಯಲ್ಲಿ ದೊಡ್ಡ ಪ್ಲಗ್ ಇದ್ದದ್ದು ಒಂದೇ, ಅದು ಗ್ರೈಂಡರಿನದ್ದು. ಎರಡನ್ನೂ ಒಟ್ಟಿಗೆ ಹಾಕಿದರೆ ಮನೆಯಿಡೀ ಕತ್ತಲೆ. ಹಾಗಾಗಿ ದೋಸೆಯೋ ಕಾರೋ ಎಂದು ಪ್ರತಿದಿನ ತೀರ್ಮಾನ ಆಗಬೇಕಿತ್ತು. ಕಾರು ಬಂದ ಮೇಲೆ ನಮ್ಮಲ್ಲಿ ಉಪ್ಪಿಟ್ಟು ಜಾಸ್ತಿಯಾಯಿತು.

ಊರಿಡೀ ಚಾರ್ಜಿಂಗ್ ಜಾಲ ಉಂಟು ಎಂದು ಕಂಪೆನಿಯವರು ಬಣ್ಣದ ನಕ್ಷೆ ಕೊಟ್ಟಿದ್ದರು. ನಕ್ಷೆ ಚಂದ ಇತ್ತು, ಗೋಡೆಗೆ ಹಾಕಬಹುದಿತ್ತು. ಒಂದೊಂದು ಚಾರ್ಜರಿಗೂ ಒಂದೊಂದು ಆ್ಯಪ್, ಒಂದೊಂದು ಆ್ಯಪಿಗೂ ಒಂದೊಂದು ಪಾಸ್‌ವರ್ಡ್. ಪಂಪ್‌ವೆಲ್ ಸಮೀಪದ ಒಂದು ಹೋಟೆಲಿನ ಅಂಗಳದಲ್ಲಿ ಚಾರ್ಜರ್ ಖಾಲಿ ಉಂಟೆಂದು ಆ್ಯಪ್ ಹಸಿರು ದೀಪ ತೋರಿಸಿತು. ಹೋಗಿ ನೋಡಿದರೆ ಮಳೆಗಾಲಕ್ಕೆಂದು ಅದಕ್ಕೆ ನೀಲಿ ಟಾರ್ಪಾಲು ಸುತ್ತಿ ಹಗ್ಗ ಬಿಗಿದಿದ್ದಾರೆ. ಪಕ್ಕದಲ್ಲಿ ವಾಚ್‌ಮನ್ ಕುರ್ಚಿ ಹಾಕಿಕೊಂಡಿದ್ದ.

"ಇದು ಯಾವಾಗ ಬಿಚ್ಚುವುದು?" ಎಂದೆ.

"ಮಳೆ ಬಿಟ್ಟ ಮೇಲೆ, ಸರ್."

"ಮಳೆ ಬಿಡುವುದು ಯಾವಾಗ?"

"ಅದು ಆ್ಯಪಲ್ಲಿ ಇಲ್ವಾ?" ಎಂದ. ತಮಾಷೆಗೆ ಹೇಳಿದ್ದೋ ನಿಜಕ್ಕೂ ಕೇಳಿದ್ದೋ ಇವತ್ತಿಗೂ ಗೊತ್ತಾಗಿಲ್ಲ.

ಇನ್ನೊಂದು ಕಡೆ ಚಾರ್ಜರಿನ ಎದುರು ಪೆಟ್ರೋಲ್ ಕಾರು ನಿಲ್ಲಿಸಿ ಮಾಲಕರು ಮದುವೆಗೆ ಹೋಗಿದ್ದರು. ಮತ್ತೊಂದು ಕಡೆ ಯಂತ್ರ ಸರಿ ಇತ್ತು, ಆದರೆ ಮೊಬೈಲಿಗೆ ಬರುವ ನಂಬರು ಒತ್ತಬೇಕು, ಆ ಜಾಗದಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ನಾನು ರಸ್ತೆ ದಾಟಿ ನಂಬರು ತೆಗೆದುಕೊಂಡು ಓಡಿ ಬರುವಾಗ ಅದರ ಅವಧಿ ಮುಗಿಯುತ್ತಿತ್ತು. ಹೆಂಡತಿ ಕೊನೆಗೆ ಈ ಜಾಲವನ್ನು ಕೈಬಿಟ್ಟಳು. ಉಪ್ಪಿಟ್ಟೇ ಸಾಕು ಎಂದಳು.

ಇಷ್ಟರಲ್ಲಿ ಕಂಪೆನಿ ದಿವಾಳಿಯಾಯಿತು. ಅದರ ಮುಖ್ಯಸ್ಥ ಕಪ್ಪು ಟೀ ಶರ್ಟು ಹಾಕಿಕೊಂಡು ವಿಡಿಯೋದಲ್ಲಿ ಬರುತ್ತಿದ್ದ. ನಾವು ಕಾರು ಕಂಪೆನಿಯಲ್ಲ, ಒಂದು ಕುಟುಂಬ ಎನ್ನುತ್ತಿದ್ದ. ಕುಟುಂಬ ಹೋದದ್ದು ನಮಗೆ ವಾಟ್ಸಾಪಿನಲ್ಲಿ ಗೊತ್ತಾಯಿತು. ಶೋರೂಮಿಗೆ ಹೋಗಿ ನೋಡಿದರೆ ಹಾಸಿಗೆ ಮಾರಾಟ ಮೇಳ. ಹೊಸ ಕಾರನ್ನು ನಿಲ್ಲಿಸಿ ತಿರುಗಿಸುತ್ತಿದ್ದ ದುಂಡು ಕಟ್ಟೆ ಹಾಗೆಯೇ ಇತ್ತು, ಅದರ ಮೇಲೊಂದು ಡಬಲ್ ಬೆಡ್ಡು ಗಂಭೀರವಾಗಿ ಸುತ್ತುತ್ತಿತ್ತು. ಗ್ರಾಹಕ ಸೇವೆಗೆ ಫೋನ್ ಮಾಡಿದರೆ ಹೆಣ್ಣು ಧ್ವನಿಯೊಂದು ಹೊಸ ಕಾರು ಬುಕ್ ಮಾಡಲು ಒಂದು ಒತ್ತಿ ಎಂದು ಸಂತೋಷದಿಂದ ಹೇಳುತ್ತಿತ್ತು. ದೂರು ಹೇಳಲು ಯಾವುದನ್ನೂ ಒತ್ತುವ ವ್ಯವಸ್ಥೆ ಇರಲಿಲ್ಲ.

ಹೋದರೆ ಹೋಗಲಿ, ಕಾರು ಓಡುತ್ತದಲ್ಲ ಎಂದುಕೊಂಡೆವು. ಆಗ ಒಂದು ಬೆಳಿಗ್ಗೆ ಕಾರಿನ ಪರದೆಯ ಮೂಲೆಯಲ್ಲಿ ಕೆಂಪು ಅಕ್ಷರ ಮೂಡಿತು: ಸರ್ವಿಸ್ ಬಾಕಿ, ಉಳಿದ ದಿನ ಮೂವತ್ತು.

ವಿಷಯ ಇಷ್ಟು. ವರ್ಷಕ್ಕೊಮ್ಮೆ ಕಂಪೆನಿಯವರು ತಮ್ಮ ಲ್ಯಾಪ್‌ಟಾಪನ್ನು ಕಾರಿಗೆ ಸಿಕ್ಕಿಸಿ ಸರ್ವಿಸ್ ಆಯಿತು ಎಂದು ಅದಕ್ಕೆ ತಿಳಿಸಬೇಕು. ತಿಳಿಸದಿದ್ದರೆ ಕಾರು ಒಂದು ತಿಂಗಳು ಕಾಯುತ್ತದೆ, ಆಮೇಲೆ ಗಂಟೆಗೆ ಇಪ್ಪತ್ತೈದು ಕಿಲೋಮೀಟರಿಗಿಂತ ಜೋರಾಗಿ ಹೋಗಲು ಒಪ್ಪುವುದಿಲ್ಲ. ಕೊಳ್ಳುವಾಗ ನಮ್ಮ ಬರಿಯ ತಮ್ಮ ಇದನ್ನು "ನಿಮ್ಮ ಸುರಕ್ಷತೆಗೆ ಅಣ್ಣ" ಎಂದು ವಿವರಿಸಿದ್ದ. ನಾನು ತಲೆಯಾಡಿಸಿದ್ದೆ. ಕಾರಿಗೆ ಎಚ್ಚರಿಕೆ ಕಲಿಸಿದವರು ತಾವು ಮಾತ್ರ ಕಾರಿಗಿಂತ ಮೊದಲೇ ನಿಂತುಹೋದರು. ಸತ್ತ ಮೇಲೂ ಬಂದು ಕಾರಿನ ಚಕ್ರ ಹಿಡಿಯುವ ಇಂಥ ಕಂಪೆನಿಯನ್ನು ನಮ್ಮ ಅಜ್ಜಿ ನೋಡಿದ್ದರೆ ಒಂದು ಕೋಳಿ ಹರಕೆ ಹೇಳಿ ಕಳಿಸುತ್ತಿದ್ದಳೋ ಏನೋ.

ಆಮೇಲೆ ಪ್ರತಿ ಬೆಳಿಗ್ಗೆ ಹೆಂಡತಿ ಸೀಟಿನಲ್ಲಿ ಕೂತ ಕೂಡಲೇ ಅಂಕಿ ಓದುತ್ತಿದ್ದಳು. "ಇಪ್ಪತ್ತೆಂಟು." ಮರುದಿನ, "ಇಪ್ಪತ್ತೇಳು." ಧ್ವನಿ ಏರಿಸುತ್ತಿರಲಿಲ್ಲ. ಒಂದು ದಿನ ಮಾತ್ರ ಕಿಟಕಿ ಇಳಿಸಿ, "ಇದು ಮುಗಿದ ಮೇಲೆ ನಾನು ಪುನಃ ನಿಮ್ಮ ಚಪ್ಪಲಿ ಕಾಯುವುದಾ?" ಎಂದು ಕೇಳಿದಳು.

ನಮ್ಮ ಸ್ಕೂಟರಿನ ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ಬಾನೆಟ್ ಎತ್ತಿ, ಒಳಗಿನ ಪ್ಲಾಸ್ಟಿಕ್ ಮುಚ್ಚಳ ನೋಡಿ, ದೇವರ ಕೋಣೆಯ ಬಾಗಿಲು ಮುಚ್ಚಿದ ಹಾಗೆ ಮೆಲ್ಲ ಮುಚ್ಚಿದ. "ಇದರಲ್ಲಿ ಬಿಚ್ಚಲಿಕ್ಕೆ ಎಂತದೂ ಇಲ್ಲ ಮಾರಾಯ್ರೆ," ಎಂದ. ದಿವಾಳಿಯ ವ್ಯವಹಾರ ನೋಡಿಕೊಳ್ಳುವ ಅಧಿಕಾರಿಗೆ ಮೇಲ್ ಬರೆದೆ. ಅಲ್ಲಿಂದ ಹದಿನಾಲ್ಕು ಪುಟದ ಫಾರಂ ಬಂತು. ಕಂಪೆನಿಯಿಂದ ನಿಮಗೆ ಬರಬೇಕಾದದ್ದು ಏನು ಎಂಬ ಕಾಲಂ ಇತ್ತು. "ನನ್ನ ಕಾರಿನ ವೇಗ ಅಂತ ಬರೆಯಿರಿ," ಎಂದಳು ಹೆಂಡತಿ. ಆ ಚೌಕದಲ್ಲಿ ಅಂಕಿ ಬಿಟ್ಟು ಬೇರೆ ಏನೂ ಬರೆಯಲು ಬಿಡಲಿಲ್ಲ.

ಉಳಿದದ್ದು ಆ ಸೇಲ್ಸ್‌ಮನ್ ತಮ್ಮ ಒಬ್ಬನೇ. ಅವನ ಫೋನು ಬಂದ್. ಆ ಸೀಸನ್ನಿನಲ್ಲಿ ನಮ್ಮ ಬರಿಯಲ್ಲಿ ಮೂರು ಮದುವೆ ಆಯಿತು, ಮೂರರಲ್ಲೂ ಅವನಿಲ್ಲ. ಒಂದಕ್ಕೆ ಜ್ವರ, ಒಂದಕ್ಕೆ ಪ್ರಯಾಣ, ಮೂರನೆಯದಕ್ಕೆ ಕಾರಣವನ್ನೂ ಕಳಿಸಿರಲಿಲ್ಲ. ಆಗ ನನಗೆ ಮೆಲ್ಲ ಮೆಲ್ಲ ಬುದ್ಧಿ ಬಂತು. ಅವನು ಮಾರಿದ ಹನ್ನೊಂದು ಕಾರೂ ಹೋದದ್ದು ಬರಿಯವರ, ನೆಂಟರ ಮನೆಗಳಿಗೇ. ನಮ್ಮ ಹಾಗೆ ಎಲ್ಲರೂ ಒಂದೇ ಪ್ರಶ್ನೆ ಕೇಳಿ ಸಹಿ ಹಾಕಿದವರು. ಹೊರಗಿನವರು ಯಾರೂ ಕೊಳ್ಳಲಿಲ್ಲ, ಅವರು ಬ್ಯಾಟರಿಯ ವಿಷಯ ಕೇಳಿದರು ಎಂದು ಕಾಣುತ್ತದೆ. ಈಗ ಅವನಿಗೆ ಮದುವೆ ಹಾಲ್ ಎಂದರೆ ಹನ್ನೊಂದು ಮನೆಯವರು ಬಾಗಿಲಲ್ಲಿ ಕಾದು ನಿಂತ ಜಾಗ.

ಅಂಕಿ ನಾಲ್ಕಕ್ಕೆ ಬರುವ ಹೊತ್ತಿಗೆ ನಮ್ಮ ಮನೆಗೊಂದು ಕಾರ್ಡು ಬಂತು. ಅವನ ದೊಡ್ಡಮ್ಮ, ಅಂದರೆ ತಾಯಿಯ ಅಕ್ಕ, ತೊಂಬತ್ತರ ಹತ್ತಿರದ ಮುದುಕಿ, ತೀರಿಕೊಂಡಿದ್ದರು. ಬೊಜ್ಜದ ಕರೆಯೋಲೆ, ಎಂದರೆ ಉತ್ತರಕ್ರಿಯೆಯದ್ದು. ಹೆಂಡತಿ ಫೋಟೋ ನೋಡಿ ಕೈಮುಗಿದು, "ಇದಕ್ಕೆ ಅವನು ಬರಲೇಬೇಕು," ಎಂದಳು. ನಮ್ಮಲ್ಲಿ ಮದುವೆ ತಪ್ಪಿಸಬಹುದು. ದೊಡ್ಡಮ್ಮನ ಬೊಜ್ಜ ತಪ್ಪಿಸಿದವನು ಆಮೇಲೆ ಯಾರ ಮನೆಯ ಮೆಟ್ಟಿಲೂ ಹತ್ತುವ ಹಾಗಿಲ್ಲ.

ಬೊಜ್ಜದ ದಿನ ಹಾಲ್‌ನ ಅಂಗಳದಲ್ಲಿ ನಮ್ಮದೇ ಬಣ್ಣದ, ನಮ್ಮದೇ ಮುಖದ ಏಳು ಕಾರು ಸಾಲಾಗಿ ನಿಂತಿದ್ದವು. ಮುದುಕಿಯ ಬೊಜ್ಜಕ್ಕೆ ಬಂದವುಗಳೋ ಕಂಪೆನಿಯ ಬೊಜ್ಜಕ್ಕೆ ಬಂದವುಗಳೋ ಹೇಳುವ ಹಾಗಿರಲಿಲ್ಲ. ಮಾಲಕರು ನೆರಳಿನಲ್ಲಿ ನಿಂತು ಕಾಯಿಲೆ ಕೇಳಿದ ಹಾಗೆ ಒಬ್ಬರನ್ನೊಬ್ಬರು ಕೇಳುತ್ತಿದ್ದರು.

"ನಿಮ್ಮದು ಎಷ್ಟು ಉಂಟು?"

"ಹನ್ನೆರಡು. ನಿಮ್ಮದು?"

"ನಮ್ಮದು ಮುಗಿದು ವಾರ ಆಯ್ತು. ಮುಲ್ಕಿಯಿಂದ ಬೆಳಿಗ್ಗೆ ಏಳಕ್ಕೆ ಹೊರಟದ್ದು. ಆಟೋದವರು ಓವರ್‌ಟೇಕ್ ಮಾಡಿ, ತಿರುಗಿ ಮುಖ ನೋಡಿ ಹೋಗ್ತಾರೆ, ಒಳಗೆ ಯಾರಾದರೂ ಗರ್ಭಿಣಿ ಇದ್ದಾರಾ ಅಂತ."

ತಮ್ಮ ಬಂದ. ಬಸ್ಸಿನಲ್ಲಿ ಬಂದಿದ್ದ. ಸಣ್ಣ ಆಗಿದ್ದ, ಗಡ್ಡ ಬಿಟ್ಟಿದ್ದ. ತಲೆ ತಗ್ಗಿಸಿ ಹೋಗಿ ದೊಡ್ಡಮ್ಮನ ಫೋಟೋಗೆ ಹೂ ಹಾಕಿದ. ನುಡಿನಮನಕ್ಕೆ ನಿಂತ ಹಿರಿಯರೊಬ್ಬರು ಮೈಕಿನಲ್ಲಿ, ಈ ತಾಯಿ ಕೊಟ್ಟ ಮಾತನ್ನು ಒಮ್ಮೆಯೂ ತಪ್ಪಿದವರಲ್ಲ ಎಂದರು. ಏಳು ಕಾರಿನವರೂ ಒಟ್ಟಿಗೆ ಅವನ ಕಡೆ ನೋಡಿದರು. ಅವನು ತನ್ನ ಕಾಲಿನ ಹೆಬ್ಬೆರಳು ನೋಡಿದ. ನಾನು ಮನಸ್ಸಿನಲ್ಲಿ ಒಳ್ಳೊಳ್ಳೆಯ ಮಾತುಗಳನ್ನು ಸಾಣೆ ಹಿಡಿದು ಇಟ್ಟುಕೊಂಡಿದ್ದೆ.

ಊಟಕ್ಕೆ ಅವನು ಮೂಲೆಯ ಮೇಜು ಹುಡುಕಿ ಕೂತ. ನನ್ನ ಹೆಂಡತಿ ಹೋಗಿ ಪಕ್ಕದ ಕುರ್ಚಿ ಎಳೆದಳು. ಎದುರಿಗೆ ನಾನು.

"ಅನ್ನ ಹಾಕಿಸಿಕೊ ತಮ್ಮ," ಎಂದಳು. "ಹೆದರಬೇಡ, ಬೊಜ್ಜದಲ್ಲಿ ಯಾರೂ ಬಯ್ಯುವುದಿಲ್ಲ."

"ನಾನು ಓಡಿ ಹೋದದ್ದಲ್ಲ ಅತ್ತಿಗೆ."

"ಗೊತ್ತುಂಟು. ನಿನ್ನ ಫೋನು ಮಾತ್ರ ಓಡಿ ಹೋದದ್ದು."

ಅವನು ಅನ್ನ ಕಲಸಿದ, ಬಾಯಿಗೆ ಹಾಕಲಿಲ್ಲ. ನಾನು ಕೇಳಿದೆ: "ಆ ಲ್ಯಾಪ್‌ಟಾಪ್ ಎಲ್ಲುಂಟು?"

"ಸೀಲ್ ಮಾಡಿದ ಕೋಣೆಯಲ್ಲಿ. ಸಿಕ್ಕಿದರೂ ಪ್ರಯೋಜನ ಇಲ್ಲ ಅಣ್ಣ. ಅದು ಮೇಲಿನ ಸರ್ವರಿನ ಹತ್ತಿರ ಕೇಳಿ ಆಮೇಲೆ ಕಾರಿಗೆ ಹೇಳುವುದು. ಸರ್ವರೇ ಬಂದ್."

"ಅಂದರೆ?"

"ಅಂದರೆ ಇಲ್ಲ."

"ಹನ್ನೊಂದು ಮನೆಗೆ ಹೀಗೆ ಮಾಡಿ ಹಾಕುವಾಗ ಗೊತ್ತಿರಲಿಲ್ವಾ?" ಸಾಣೆ ಹಿಡಿದದ್ದರಲ್ಲಿ ಮೊದಲನೆಯದನ್ನು ತೆಗೆದೆ.

"ಹನ್ನೊಂದರಲ್ಲಿ ಮೊದಲನೆಯದು ನನ್ನದೇ ಅಣ್ಣ," ಎಂದ. "ಅಮ್ಮ ಬೇಡ ಎಂದರೂ ಕೇಳದೆ ತೆಗೆದುಕೊಂಡೆ. ನನ್ನದು ಮುಗಿದು ಎರಡು ತಿಂಗಳಾಯ್ತು. ಇವತ್ತು ಅದರಲ್ಲಿ ಬಂದರೆ ಎಲ್ಲರೂ ನೋಡ್ತಾರೆ ಅಂತ ಬಸ್ಸಿಗೆ ಬಂದೆ."

ಉಳಿದ ಮಾತುಗಳನ್ನು ನಾನು ಹಾಗೆಯೇ ನುಂಗಿದೆ. ಸುಳ್ಳು ಹೇಳಿದವನಾದರೆ ಬಯ್ಯುವ ಸುಖವಾದರೂ ಸಿಗುತ್ತಿತ್ತು. ಇವನು ಆ ಕಪ್ಪು ಟೀ ಶರ್ಟಿನವನನ್ನು ನಮಗಿಂತ ಮೊದಲೇ, ನಮಗಿಂತ ಜಾಸ್ತಿ ನಂಬಿದ್ದ. ನನ್ನ ಎಲೆಯ ಹಪ್ಪಳ ತೆಗೆದು ಅವನ ಎಲೆಗೆ ಹಾಕಿದೆ. ಬೇರೆ ಎಂತ ಮಾಡುವುದು?

ಹೆಂಡತಿ ಮಾತ್ರ ಇನ್ನೂ ಅಲ್ಲೇ ಇದ್ದಳು. "ಸೊನ್ನೆ ಆದ ಮೇಲೆ ಎಂತ ಆಗ್ತದೆ, ಸರಿಯಾಗಿ ಹೇಳು," ಎಂದಳು.

"ಇಪ್ಪತ್ತೈದಕ್ಕಿಂತ ಮೇಲೆ ಹೋಗುವುದಿಲ್ಲ ಅತ್ತಿಗೆ. ಬ್ರೇಕು, ಲೈಟು, ಚಾರ್ಜಿಂಗ್ ಎಲ್ಲ ಸರಿ ಇರ್ತದೆ."

"ನಡುರಸ್ತೆಯಲ್ಲಿ ಆಫ್ ಆಗುವುದಿಲ್ಲವಾ?"

"ಇಲ್ಲ ಅತ್ತಿಗೆ. ಅದು ಆಫ್ ಆಗುವ ಕಾರೇ ಅಲ್ಲ."

"ಅಷ್ಟೇ ಕೇಳಬೇಕಿತ್ತು," ಎಂದು ಪಾಯಸ ಹಾಕಿಸಿಕೊಂಡಳು.

ಸೊನ್ನೆ ಬಂದ ದಿನ ಅವಳಿಗೆ ಪಂಪ್‌ವೆಲ್ ಆಚೆಗಿನ ಮದುಮಗಳ ಮನೆಗೆ ಐದು ರವಕೆ ಮುಟ್ಟಿಸಬೇಕಿತ್ತು. ಮಾರನೆಯ ದಿನ ಮದುವೆ. ನಾನು ಆ ಬೆಳಿಗ್ಗೆ ಚಪ್ಪಲಿ ಮೊದಲೇ ಹಾಕಿಕೊಂಡು, ಸ್ಕೂಟರಿನ ಕೀಲಿ ಹಿಡಿದು ಅಂಗಳದಲ್ಲಿ ನಿಂತಿದ್ದೆ. ಅವಳು ನನ್ನನ್ನು ಸುತ್ತಿಕೊಂಡು ಹೋಗಿ ಕಾರಿನ ಬಾಗಿಲು ತೆಗೆದಳು. ಪಕ್ಕದ ಸೀಟಿನಲ್ಲಿ ಬಾಯಿ ಆಗಲೇ ಕೂತಾಗಿತ್ತು, ಮಡಿಲಲ್ಲಿ ಛತ್ರಿ, ಕೈಯಲ್ಲಿ ಜಪಮಾಲೆ. "ಬರುವುದಾದರೆ ಹಿಂದೆ ಹತ್ತಿ," ಎಂದರು ನನಗೆ. "ರವಕೆ ಸುಕ್ಕಾಗದ ಹಾಗೆ ಹಿಡಿದುಕೊಳ್ಳಿ."

ನಂತೂರು ದಾಟಿತು. ಸ್ಕೂಟರು ದಾಟಿ ಹೋದವು, ಗ್ಯಾಸ್ ಸಿಲಿಂಡರಿನ ಗಾಡಿ ದಾಟಿ ಹೋಯಿತು. ಪಂಪ್‌ವೆಲ್‌ನಲ್ಲಿ ಮೇಲಿನ ಸೇತುವೆ ಬಿಟ್ಟು ಅವಳು ಕೆಳಗಿನ ಬದಿರಸ್ತೆ ಹಿಡಿದಳು. ಹಿಂದೆ ಬಸ್ಸು ಬಂತು. ಅದರ ಹಿಂದೆ ಇನ್ನೊಂದು. ಹಾರ್ನ್ ಶುರುವಾಯಿತು. ನನ್ನ ಬೆನ್ನಿಗೇ ಹೊಡೆದ ಹಾಗೆ. ನಾನು ರವಕೆಯ ಕಟ್ಟನ್ನು ಗಟ್ಟಿ ಹಿಡಿದೆ, ಸುಕ್ಕಾಗಿರಬೇಕು. ಅವಳ ಕುತ್ತಿಗೆ ಮಾತ್ರ ಕಾಣುತ್ತಿತ್ತು, ನೆಟ್ಟಗೆ. ಕಾರು ಇಪ್ಪತ್ತೈದರಲ್ಲಿ ಹೋಗುತ್ತಲೇ ಇತ್ತು, ಎಲ್ಲೂ ಜರ್ಕಿಲ್ಲ.

ಬಸ್ಸು ಬದಿಗೆ ಬಂತು. ಫುಟ್‌ಬೋರ್ಡಿನಲ್ಲಿ ಕಂಡಕ್ಟರ್. ಹಳೆಯವನೇ ಆಗಿರಲಿಕ್ಕಿಲ್ಲ, ಅವರೆಲ್ಲರ ಧ್ವನಿ ಒಂದೇ. "ಅಕ್ಕಾ, ಸ್ವಲ್ಪ ಬೇಗ ಬಿಡಿ."

ಅವಳು ಕಿಟಕಿ ಇಳಿಸಿದಳು. "ಇದು ಇಷ್ಟೇ ಹೋಗುವುದು," ಎಂದಳು. "ಅರ್ಜೆಂಟಿದ್ದರೆ ನೀವು ಮೇಲಿನಿಂದ ಹೋಗಿ." ಬಾಯಿ ಛತ್ರಿಯಿಂದ ಮೇಲಿನ ಸೇತುವೆಯನ್ನು ತೋರಿಸಿದರು.

ಇಪ್ಪತ್ತು ಮಾರು ಆಚೆ ಟ್ರಾಫಿಕ್ಕಿನಲ್ಲಿ ಆ ಬಸ್ಸು ನಿಂತಿತ್ತು, ಸ್ಕೂಟರುಗಳು ನಿಂತಿದ್ದವು, ಸಿಲಿಂಡರಿನ ಗಾಡಿಯೂ ನಿಂತಿತ್ತು. ನಾವೂ ಹೋಗಿ ಅವರ ಹಿಂದೆ ನಿಂತೆವು. ಮದುಮಗಳ ತಾಯಿ ಗೇಟಿನಲ್ಲಿ, "ಎಂತ ಅಕ್ಕ, ಇಷ್ಟು ಬೇಗ ಬಂದಿರಿ?" ಎಂದು ಕೇಳಿದರು. ಅರ್ಧ ಗಂಟೆ ಮೊದಲೇ ಹೊರಟಿದ್ದಳು ಅವಳು.

ಕಂಪೆನಿಯ ಮೇಲಿನ ಸಿಟ್ಟು ನನಗೆ ಇಳಿದಿಲ್ಲ, ಇಳಿಯುವುದೂ ಬೇಡ. ನೂರಕ್ಕೆ ಓಡುವ ಗಾಡಿಗೆ ಇಪ್ಪತ್ತೈದರ ಹಗ್ಗ ಕಟ್ಟಿ, ಗಂಟು ಬಿಚ್ಚದೆ ಹೋದವರನ್ನು ಏನೆಂದು ಹೊಗಳುವುದು? ಆದರೆ ಮನೆಯಲ್ಲಿ ಈ ವಿಷಯ ಎತ್ತಿದರೆ ಹೆಂಡತಿ ಮಿಷನ್ ತುಳಿಯುವುದು ಜೋರು ಮಾಡುತ್ತಾಳೆ, ನನ್ನ ಮಾತು ಕೇಳದ ಹಾಗೆ.

ಸೊನ್ನೆ ದಿನಾ ಕಣ್ಣಿಗೆ ಹೊಡೆಯುತ್ತದೆಂದು, ಮದುಮಗಳ ಹಸಿರು ರೇಷ್ಮೆಯಲ್ಲಿ ಉಳಿದ ತುಂಡಿನಿಂದ ಪರದೆಯ ಆ ಮೂಲೆಗೆ ಅವಳು ಒಂದು ಸಣ್ಣ ಮುಸುಕು ಹೊಲಿದಳು, ಒಳಗೆ ಅಸ್ತರು, ಹಿಂದೆ ಇಲಾಸ್ಟಿಕ್. ಅದರ ಫೋಟೋ ಬಾಯಿಯ ಮೊಬೈಲಿನಿಂದ ಯಾರಿಗೋ ಹೋಯಿತು, ಅಲ್ಲಿಂದ ನಮ್ಮ ಬರಿಯವರ ವಾಟ್ಸಾಪ್ ಗುಂಪಿಗೆ. ಒಂದು ವಾರದಲ್ಲಿ ಬಂದ್ ಆಗಿದ್ದ ನಂಬರಿನಿಂದ ಫೋನು ಬಂತು.

"ಅತ್ತಿಗೆ, ನನಗೂ ಒಂದು ಹೊಲಿದು ಕೊಡ್ತೀರಾ?"

"ಕಾರು ತೆಗೆದುಕೊಂಡು ಅಂಗಡಿಗೆ ಬಾ," ಎಂದಳು. "ಬಸ್ಸಲ್ಲಿ ಬಂದರೆ ಕೊಡುವುದಿಲ್ಲ."

ಆಮೇಲೆ ಕತ್ತರಿ ಹಿಡಿದು, ಉಳಿದ ಹತ್ತು ಕಾರಿಗೂ ಹತ್ತು ತುಂಡು ಒಟ್ಟಿಗೆ ಕತ್ತರಿಸಿಟ್ಟಳು. ಅಳತೆ ಎಲ್ಲರದ್ದೂ ಒಂದೇ.